ಮೂವತ್ತು ಸಾವಿನ ಗೆರೆ: ಪ್ಲೇಗಿನ ಕಾಲದ ಲಂಡನ್

16 ಮತ್ತು 17ನೆಯ ಶತಮಾನಗಳ ಲಂಡನ್ನಿಗೆ ಪ್ಲೇಗು ಮತ್ತೆ ಮತ್ತೆ ಬಂದೆರಗಿತು. ಜನ ಗುಂಪುಗೂಡುವುದನ್ನು ತಡೆಯಲು ಆಡಳಿತ ಹೊರಟಾಗಲೆಲ್ಲ ಮೊದಲ ಪೆಟ್ಟು ತಿಂದವರಲ್ಲಿ ನಾಟಕದವರೂ ಇದ್ದರು. ಛತ್ರಗಳ ಅಂಗಳದಲ್ಲಿ ಆಟ ನಡೆಯುತ್ತಿದ್ದ 1564ರಲ್ಲೇ ಬಿಷಪ್ ಎಡ್ಮಂಡ್ ಗ್ರಿಂಡಲ್ ಒಂದು ವರ್ಷ ನಾಟಕ ನಿಲ್ಲಿಸಬೇಕೆಂದು ರಾಣಿಯ ಮಂತ್ರಿ ವಿಲಿಯಂ ಸೆಸಿಲ್‌ಗೆ ಪತ್ರ ಬರೆದಿದ್ದ.

ಕೆಟ್ಟ ಗಾಳಿಯಿಂದ ರೋಗ ಬರುತ್ತದೆ, ಜಂಗುಳಿಯ ಉಸಿರು ಗಾಳಿಯನ್ನು ಇನ್ನಷ್ಟು ಕೆಡಿಸುತ್ತದೆ ಎಂಬುದು ಅಂದಿನ ವೈದ್ಯರ ನಂಬಿಕೆ. ಪ್ಲೇಗು ಪಾಪದ ಫಲ, ನಾಟಕ ಪಾಪದ ಮೂಲ ಎಂದು ಉಪದೇಶಕರು ಸಾರುತ್ತಿದ್ದರು. ಆಳುಕಾಳುಗಳು ಕೆಲಸ ಬಿಟ್ಟು ಆಟಕ್ಕೆ ಓಡುತ್ತಾರೆಂಬ ಸಿಟ್ಟು ನಗರದ ಹಿರಿಯರಿಗಿತ್ತು. ನಿಷೇಧದಲ್ಲಿ ಈ ಮೂರೂ ಬೆರೆತಿದ್ದವು. 1593ರ ಜನವರಿ 28ರಂದು ರಾಣಿಯ ಮಂತ್ರಾಲೋಚನಾ ಸಭೆ ನಾಟಕ, ಕರಡಿಯ ಮೇಲೆ ನಾಯಿ ಬಿಡುವ ಆಟ, ಗುಂಡು ಉರುಳಿಸುವ ಆಟ, ಇಂಥ ಎಲ್ಲ ಕೂಟಗಳನ್ನೂ ನಿಷೇಧಿಸಿತು. ಚರ್ಚಿನ ಪ್ರಾರ್ಥನೆ ಮತ್ತು ಉಪದೇಶಗಳಿಗೆ ಮಾತ್ರ ವಿನಾಯಿತಿ ಇತ್ತು.

ನಟರು ಊರೂರು ಅಲೆಯತೊಡಗಿದರು. ಪೆಂಬ್ರೋಕ್ ತಂಡ ತಿರುಗಾಟದ ಖರ್ಚೂ ಹುಟ್ಟದೆ, ವೇಷಭೂಷಣಗಳನ್ನೇ ಅಡವಿಡುವ ಸ್ಥಿತಿಗೆ ಬಂದು ಲಂಡನ್ನಿಗೆ ಮರಳಿತು. ಷೇಕ್ಸ್‌ಪಿಯರ್‌ನ ಎರಡು ಕಥನಕವನಗಳು ಅಚ್ಚಾದದ್ದು 1593 ಮತ್ತು 1594ರಲ್ಲಿ, ಈ ಬಿಡುವಿನ ದಿನಗಳಲ್ಲೇ. 1603ರ ಪ್ಲೇಗಿನಲ್ಲಿ ಲಂಡನ್ನಿನಲ್ಲಿ ಸುಮಾರು 30,000 ಜನ ಸತ್ತರು. ಆಟ ನಿಂತು ಕೈ ಬರಿದಾದ ತನ್ನ ಆಶ್ರಯದ ನಾಟಕ ತಂಡಕ್ಕೆ ದೊರೆ ಜೇಮ್ಸ್ 1604ರ ಫೆಬ್ರವರಿಯಲ್ಲಿ 30 ಪೌಂಡು ಕೊಡಿಸಿದ.

ಬಾಗಿಲು ಮುಚ್ಚುವುದು ಯಾವಾಗ, ತೆರೆಯುವುದು ಯಾವಾಗ? 1604ರ ಏಪ್ರಿಲ್‌ನಲ್ಲಿ ಇದಕ್ಕೊಂದು ಅಳತೆ ಬಂತು. ನಗರದಲ್ಲಿ ವಾರಕ್ಕೆ ಪ್ಲೇಗಿನಿಂದ ಸಾಯುವವರು 30 ಮೀರದಿದ್ದರೆ ನಾಟಕ ನಡೆಯಬಹುದು, ಮೀರಿದರೆ ಇಲ್ಲ. 1619ರ ಹೊತ್ತಿಗೆ ಈ ಗೆರೆ 40ಕ್ಕೆ ಏರಿತು. ಲೆಕ್ಕ ಸಿಗುತ್ತಿದ್ದುದು ವಾರವಾರ ಅಚ್ಚಾಗುವ ಮರಣಪಟ್ಟಿಯಿಂದ. ಹೆಣ ನೋಡಿ ಸಾವಿನ ಕಾರಣ ಹೇಳುವ ಕೆಲಸ ಬಡ ಮುದುಕಿಯರದು. ಅವರು ಹೇಳಿದ್ದನ್ನು ಚರ್ಚಿನ ಗುಮಾಸ್ತರು ಬರೆದುಕೊಂಡು ಒಟ್ಟು ಮಾಡುತ್ತಿದ್ದರು. ಪ್ಲೇಗು ಎಂದು ಬರೆದರೆ ಮನೆಗೆ ಬೀಗ ಬಿದ್ದು ಒಳಗಿದ್ದವರೂ ಸೆರೆಯಾಗುತ್ತಿದ್ದರಿಂದ, ಮುದುಕಿಯ ಕೈ ಬೆಚ್ಚಗೆ ಮಾಡಿ ಬೇರೆ ಜ್ವರ ಎಂದು ಬರೆಸುವವರಿದ್ದರು. ಆದ್ದರಿಂದ ಪಟ್ಟಿಯ ಅಂಕಿ ನಿಜಕ್ಕಿಂತ ಕಡಿಮೆಯೇ ಇರುತ್ತಿತ್ತು. ಆದರೂ 1636ರ ಮೇ ತಿಂಗಳಲ್ಲಿ ಮುಚ್ಚಿದ ನಾಟಕಶಾಲೆಗಳು, ನಡುವೆ ಒಂದು ವಾರ ಬಿಟ್ಟರೆ, 1637ರ ಅಕ್ಟೋಬರ್‌ವರೆಗೂ ತೆರೆಯಲಿಲ್ಲ.

ಜಾತ್ರೆಗಳಿಗೂ ಇದೇ ಗತಿ. ಸ್ಮಿತ್‌ಫೀಲ್ಡ್‌ನಲ್ಲಿ ಆಗಸ್ಟ್ ಕೊನೆಗೆ ನಡೆಯುವ ಬಾರ್ತಲೋಮ್ಯೂ ಜಾತ್ರೆ ಬಟ್ಟೆ ವ್ಯಾಪಾರಕ್ಕೆ ಹೆಸರಾಗಿತ್ತು. ಅದನ್ನೂ ಕೇಂಬ್ರಿಡ್ಜ್ ಬಳಿಯ ಸ್ಟರ್‌ಬ್ರಿಜ್ ಜಾತ್ರೆಯನ್ನೂ 1625ರಲ್ಲಿ ರಾಜಾಜ್ಞೆ ಹೊರಡಿಸಿ ನಿಲ್ಲಿಸಲಾಯಿತು. 1665 ಮತ್ತು 1666ರಲ್ಲಿ ಮತ್ತೆ ನಿಂತವು.

1665ರ ಮಹಾ ಪ್ಲೇಗಿನಲ್ಲಿ ಬಿಗಿಯಾದ ಕಟ್ಟಳೆ ಬಂತು. ಜೂನ್ 5ಕ್ಕೆ ನಾಟಕಶಾಲೆಗಳು ಮುಚ್ಚಿದವು. ಬೀದಿಯಲ್ಲಿ ಲಾವಣಿ ಹಾಡುವುದು, ಕತ್ತಿವರಸೆ, ಸಂಘಗಳ ಔತಣಕೂಟ ಎಲ್ಲವನ್ನೂ ನಗರದ ಮೇಯರ್ ನಿಷೇಧಿಸಿದ. ಔತಣದಿಂದ ಉಳಿದ ಹಣ ರೋಗ ತಗಲಿದ ಬಡವರಿಗೆ ಹೋಗಬೇಕಿತ್ತು. ರಾತ್ರಿ ಒಂಬತ್ತಾದ ಮೇಲೆ ಹೆಂಡದಂಗಡಿಗೆ ಹೋಗುವಂತಿರಲಿಲ್ಲ. ಹೆಣವನ್ನು ಸೂರ್ಯ ಹುಟ್ಟುವ ಮುಂಚೆ ಇಲ್ಲವೇ ಮುಳುಗಿದ ಮೇಲೆ ಮಣ್ಣು ಮಾಡಬೇಕಿತ್ತು. ನೆಂಟರು, ನೆರೆಯವರು ಹಿಂದೆ ಹೋಗುವಂತಿರಲಿಲ್ಲ. ಇಷ್ಟರ ನಡುವೆಯೂ, ಪ್ಲೇಗು ತೊಲಗಲೆಂದು ಆಚರಿಸುವ ಉಪವಾಸದ ದಿನಗಳಲ್ಲಿ ಚರ್ಚುಗಳು ಜನರನ್ನು ಕರೆಯುತ್ತಲೇ ಇದ್ದವು. ಡರ್ಬಿಶೈರ್‌ನ ಈಮ್ ಎಂಬ ಹಳ್ಳಿಯದು ಬೇರೆಯೇ ದಾರಿ. 1666ರಲ್ಲಿ ಅಲ್ಲಿನ ಪಾದ್ರಿ ವಿಲಿಯಂ ಮಾಂಪೆಸನ್ ಚರ್ಚಿನ ಬಾಗಿಲು ಹಾಕಿಸಿ, ಬಯಲಿನ ಕಣಿವೆಯಲ್ಲಿ ಜನರನ್ನು ದೂರದೂರ ನಿಲ್ಲಿಸಿ ಪ್ರಾರ್ಥನೆ ನಡೆಸಿದ.

ಲಂಡನ್ನಿನಲ್ಲಿ 1665ರ ಸೆಪ್ಟೆಂಬರ್‌ನ ಒಂದೇ ವಾರದಲ್ಲಿ ಪಟ್ಟಿ ಸೇರಿದ ಪ್ಲೇಗಿನ ಸಾವು 7,165; ವರ್ಷದ ಒಟ್ಟು 68,596. ನಾಟಕಶಾಲೆಗಳು ಮತ್ತೆ ತೆರೆದದ್ದು 1666ರ ಕೊನೆಗೆ.

ಪ್ಲೇಗಿನ ರೋಗಾಣುವನ್ನು ವೈದ್ಯ ಯೆರ್ಸಿನ್ ಗುರುತಿಸಿದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಇಲಿಯ ಚಿಗಟ ಅದನ್ನು ದಾಟಿಸುತ್ತದೆಂದು ವೈದ್ಯ ಸಿಮೊಂಡ್ ತೋರಿಸಿಕೊಟ್ಟದ್ದು 1898ರಲ್ಲಿ, ಕರಾಚಿಯಲ್ಲಿ. ಶ್ವಾಸಕೋಶಕ್ಕೆ ತಗಲುವ ಪ್ಲೇಗು ಉಸಿರಿನಿಂದ ಹರಡುತ್ತದೆ. ಗಡ್ಡೆ ಏಳುವ ಪ್ಲೇಗು ಹೆಚ್ಚಾಗಿ ಚಿಗಟದಿಂದ ಬರುತ್ತದೆ. ಹಾಗೆ ನೋಡಿದರೆ ನಾಟಕದ ಜಂಗುಳಿಯನ್ನು ಚದುರಿಸಿದ್ದಕ್ಕಿಂತ, ಚಿಗಟ ಅಡಗಿ ಕೂರಬಲ್ಲ ಬಟ್ಟೆಯ ಮೂಟೆಗಳು ಊರೂರು ದಾಟುವ ಜಾತ್ರೆಯನ್ನು ನಿಲ್ಲಿಸಿದ್ದರಲ್ಲೇ ಹೆಚ್ಚು ಅರ್ಥವಿತ್ತು.