ಹತ್ತನೇ ಸ್ಥಾನದ ಹಿಂದಿನ ಕಥೆ

ಇವತ್ತು ನಾನು ಹೇಳ್ತಿರೋದು ಒಂದು ಒಲಿಂಪಿಕ್ ರೇಸ್‌ನಲ್ಲಿ ಹತ್ತನೇ ಸ್ಥಾನ ಬಂದವಳ ಕಥೆ.

1996ರ ಜುಲೈ 30. ಅಮೆರಿಕದ ಅಟ್ಲಾಂಟಾ ಹತ್ತಿರದ ಕಾನ್ಯರ್ಸ್. ಮೌಂಟನ್ ಬೈಕಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಕಾಲಿಟ್ಟ ದಿನ. ಬೈಕ್ ಅಂದ ತಕ್ಷಣ ಪೆಟ್ರೋಲ್ ಗಾಡಿ ನೆನಪಿಸ್ಕೋಬೇಡಿ. ಇದು ದಪ್ಪ ಟೈರಿನ ಸೈಕಲ್, ಕಲ್ಲು, ಬೇರು, ಮಣ್ಣಿನ ಹಾದಿಯಲ್ಲಿ ತುಳಿಯೋದು. ಮಹಿಳೆಯರ ಚಿನ್ನ ಇಟಲಿಯ ಪಾವೊಲಾ ಪೆಜ್ಜೊಗೆ, ಬೆಳ್ಳಿ ಕೆನಡಾದ ಆಲಿಸನ್ ಸಿಡೋರ್‌ಗೆ, ಕಂಚು ಅಮೆರಿಕದ ಸೂಸನ್ ಡಿಮ್ಯಾಟೈಗೆ. ಅದೇ ಅಮೆರಿಕ ತಂಡದ ಜೂಲಿ ಫರ್ಟಾಡೊ ಹತ್ತನೆಯವಳು.

ಹತ್ತನೇ ಸ್ಥಾನ ಯಾಕೆ ದೊಡ್ಡ ಸುದ್ದಿ? ಸ್ವಲ್ಪ ಹಿಂದೆ ಹೋಗೋಣ.

ಜೂಲಿ ಮೊದಲು ಸೈಕ್ಲಿಸ್ಟ್ ಅಲ್ಲ. ಹದಿಹರೆಯದಲ್ಲೇ ಅಮೆರಿಕದ ರಾಷ್ಟ್ರೀಯ ಸ್ಕೀ ತಂಡದಲ್ಲಿದ್ದ ಹುಡುಗಿ. ಮೊಣಕಾಲಿಗೆ ಮತ್ತೆ ಮತ್ತೆ ಏಟು ಬಿತ್ತು, ಆಪರೇಷನ್‌ಗಳಾದವು, ಸ್ಕೀಯಿಂಗ್ ಮುಗೀತು. ಆಮೇಲೆ ಹಿಡಿದದ್ದೇ ಸೈಕಲ್. 1989ರಲ್ಲಿ ಅಮೆರಿಕದ ರೋಡ್ ರೇಸ್ ಚಾಂಪಿಯನ್. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಮೊದಲ ಅಧಿಕೃತ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಕ್ರಾಸ್‌ಕಂಟ್ರಿ, ಅಂದರೆ ಏರು ಇಳಿವು ಎರಡೂ ಇರೋ ಉದ್ದದ ರೇಸ್, ಗೆದ್ದವಳು ಜೂಲಿ. 1992ರಲ್ಲಿ ಕೆನಡಾದ ಬ್ರೋಮಾಂಟ್‌ನಲ್ಲಿ ಡೌನ್‌ಹಿಲ್ ಕೂಡ ಗೆದ್ದಳು. ಒಂದಕ್ಕೆ ದಮ್ ಬೇಕು, ಇನ್ನೊಂದಕ್ಕೆ ಗುಂಡಿಗೆ ಬೇಕು. ಇವಳಲ್ಲಿ ಎರಡೂ ಇತ್ತು. ಆಮೇಲೆ 1993, 94, 95, ಮೂರು ವರ್ಷವೂ ಕ್ರಾಸ್‌ಕಂಟ್ರಿ ವಿಶ್ವಕಪ್ ಅವಳದ್ದೇ.

ಇಂಥವಳು ತನ್ನ ದೇಶದ ಒಲಿಂಪಿಕ್ಸ್‌ನಲ್ಲಿ ಹತ್ತನೆಯವಳಾದ್ರೆ ಜನ ಏನಂತಾರೆ? ಫಾರ್ಮ್ ಹೋಯ್ತು, ಪ್ರೆಷರ್ ತಡೆಯೋಕಾಗ್ಲಿಲ್ಲ. ನಾವೂ ಹಾಗೇ ಅಂತೀವಿ ಅಲ್ವಾ?

ನಿಜವಾದ ಉತ್ತರ ಸಿಕ್ಕಿದ್ದು 1997ರಲ್ಲಿ. ಅವಳಿಗೆ ಲೂಪಸ್ ಇದೆ ಅಂತ ಗೊತ್ತಾಯ್ತು. ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ನಮ್ಮ ದೇಹದ ಮೇಲೇ ತಿರುಗಿ ಬೀಳೋ ಕಾಯಿಲೆ ಅದು. ಎದ್ದು ನಿಲ್ಲೋಕೂ ಬಿಡದ ಸುಸ್ತು, ಕೀಲು ನೋವು. ಬಹಳ ಜನಕ್ಕೆ ಬಿಸಿಲು ಬಿದ್ದರೂ ಜಾಸ್ತಿಯಾಗುತ್ತೆ. ಈ ಕಾಯಿಲೆ ಇರೋ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಗಂಟೆಗಟ್ಟಲೆ ಬಿಸಿಲಲ್ಲಿ ತುಳಿಯೋದೇ ಕೆಲಸವಾದವಳಿಗೆ ಇದು ಬಂದರೆ ಏನು ಉಳಿಯುತ್ತೆ? 30ರ ವಯಸ್ಸಿಗೇ ರೇಸಿಂಗ್ ನಿಂತುಹೋಯ್ತು.

ನಾನು ಬಿ.ಕಾಂ ಓದಿರೋಳು. ಬ್ಯಾಲೆನ್ಸ್ ಶೀಟ್ ವರ್ಷದ ಕೊನೇ ದಿನದ ಚಿತ್ರ ಅಷ್ಟೇ, ವರ್ಷವಿಡೀ ಏನಾಯ್ತು ಅಂತ ಅದು ಹೇಳಲ್ಲ. ರಿಸಲ್ಟ್ ಶೀಟೂ ಹಾಗೇ. ಅದರಲ್ಲಿ 10 ಅಂತ ಇರುತ್ತೆ. ಯಾವ ದೇಹ ಹೊತ್ತು ಅಲ್ಲಿಗೆ ಬಂದಳು ಅಂತ ಇರಲ್ಲ. ಹೆಣ್ಣುಮಗಳೊಬ್ಬಳು ಸುಸ್ತು ಅಂದಾಗ ‘ಸ್ವಲ್ಪ ರೆಸ್ಟ್ ಮಾಡು, ಸರಿಹೋಗುತ್ತೆ’ ಅಂತ ಮುಗಿಸಿಬಿಡೋರು ನಮ್ಮ ಮನೆಗಳಲ್ಲೂ ಇದ್ದಾರೆ. ಪದೇ ಪದೇ ಹೇಳಿದರೆ, ದಯವಿಟ್ಟು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಜೂಲಿ ಸೈಕಲ್ ಲೋಕ ಬಿಡಲಿಲ್ಲ. 1999ರಲ್ಲಿ ಸಾಂತಾ ಕ್ರೂಜ್ ಕಂಪನಿ ಹೆಂಗಸರಿಗಾಗಿ ಒಂದು ಮೌಂಟನ್ ಬೈಕ್ ತಂದಿತು. ಅವಳ ಹೆಸರಿಂದಲೇ ಅದಕ್ಕೆ ಜೂಲಿಯಾನಾ ಅಂತ ಹೆಸರಿಟ್ಟರು. ಮುಂದೆ ಅದೇ ಹೆಸರಲ್ಲಿ ಪ್ರತ್ಯೇಕ ಬ್ರ್ಯಾಂಡೂ ಬಂತು. ಅವಳು ರೇಸ್ ನಿಲ್ಲಿಸಿದ ಮೇಲೂ ಆ ಹೆಸರು ಹೊತ್ತ ಸೈಕಲ್ ಹತ್ತಿ ಹೆಣ್ಣುಮಕ್ಕಳು ಗುಡ್ಡ ಏರುತ್ತಾ ಹೋದರು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.