‘ವೈನ್ಸ್’ ಬೋರ್ಡಿನ ಒಳಗಿಲ್ಲದ ವೈನು

ತುಮಕೂರಿನ ಉಪ್ಪಾರಹಳ್ಳಿಯಿಂದ ಹೊರಟು ಊರು ಸುತ್ತಿದರೆ ‘ವೈನ್ಸ್’ ಎಂಬ ಬೋರ್ಡಿಗೆ ಬರವಿಲ್ಲ. ಒಳಗೆ ಹೋದವರಿಗೆ ಸಿಗುವುದು ಮಾತ್ರ ಬಹುಪಾಲು ಬ್ರಾಂದಿ, ರಮ್ಮು, ವಿಸ್ಕಿ. ನಿಜವಾದ ವೈನನ್ನು ಅದು ಹುಟ್ಟುವ ಜಾಗದಲ್ಲೇ ಕುಡಿದು ನೋಡಬೇಕೆಂದರೆ ಬೆಂಗಳೂರು ಹೆದ್ದಾರಿ ಹಿಡಿದು, ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ, ದೊಡ್ಡಬಳ್ಳಾಪುರ ದಾಟಿ ರಘುನಾಥಪುರಕ್ಕೆ ಹೋಗಬೇಕು.

ಅಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಗ್ರೋವರ್ ವೈನರಿ ಇದೆ. ನಂದಿಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಳಿಗಳು ಬದುಕುತ್ತವೆಂದು ಆಗ ನಂಬಿದವರು ಕಡಿಮೆ. ಚಳಿಗಾಲದ ನಿದ್ದೆಯೇ ಇಲ್ಲದ ಈ ಸೀಮೆಯಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರಿ ಹದಕ್ಕೆ ತರುತ್ತಾರೆ. ಸುತ್ತಲ ರೈತರಿಗೆ ದ್ರಾಕ್ಷಿ ಹೊಸದೇನಲ್ಲ. 2013ರಲ್ಲಿ ಭೌಗೋಳಿಕ ಸೂಚಿ ಪಡೆದ ‘ಬೆಂಗಳೂರು ನೀಲಿ’ ಇವರದೇ ಹಣ್ಣು.

ವೈನರಿಗಳಲ್ಲಿ ರುಚಿ ನೋಡುವ ಕೋಣೆಯದು ಒಂದು ಶಿಸ್ತು. ಮೊದಲು ಬಿಳಿ, ಆಮೇಲೆ ಕೆಂಪು. ಲೋಟ ತಿರುಗಿಸಿ, ಮೂಸಿ, ಗುಟುಕನ್ನು ಬಾಯಲ್ಲಿ ಹೊರಳಿಸಬೇಕು. ಬೇಡವೆಂದರೆ ಉಗಿಯಲು ಪಾತ್ರೆಯೂ ಇರುತ್ತದೆ. ಕೆಂಪು ವೈನಿನ ‘ಟ್ಯಾನಿನ್’ ಬಗ್ಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ವಿವರಿಸುವುದುಂಟು. ನೇರಳೆಹಣ್ಣು, ಹಸಿ ಅಡಿಕೆ ತಿಂದು ಬೆಳೆದ ತುಮಕೂರು ಬದಿಯ ಗುಬ್ಬಿಯವರಿಗೆ ಅಷ್ಟೆಲ್ಲ ಬೇಕಿಲ್ಲ: ಅದು ಒಗರು.

ತುಮಕೂರು ಸೀಮೆಗೆ ತನ್ನದೇ ಪಾನೀಯವಿತ್ತು, ಈಚಲ ಹೆಂಡ. ಈಡಿಗರು ಮರಕ್ಕೆ ಮಡಕೆ ಕಟ್ಟಿ ಇಳಿಸಿದ ರಸ ಬೆಳಗಿಗೆ ಸಿಹಿ, ಬಿಸಿಲೇರುತ್ತಿದ್ದಂತೆ ಹುಳಿ. ಗಾಳಿಯಲ್ಲಿನ, ಮಡಕೆಯಲ್ಲಿನ ಯೀಸ್ಟೇ ಅದನ್ನು ಗಂಟೆಗಳಲ್ಲಿ ಹುದುಗಿಸಿಬಿಡುತ್ತದೆ. ವೈನಿಗೆ ತಿಂಗಳುಗಳೂ ವರ್ಷಗಳೂ ಬೇಕು. ಓಕ್ ಪೀಪಾಯಿಯಲ್ಲಿ ಕಾದ ಕೆಲವಕ್ಕೆ ಬೆಲೆಯೂ ಹೆಚ್ಚು. ಇಟ್ಟರೆ ಕೆಡುವ ಹೆಂಡಕ್ಕೆ ನೆಲಮಾಳಿಗೆಯೂ ಇಲ್ಲ, ಲೇಬಲ್ಲೂ ಇಲ್ಲ. ಇಳಿಸಿದ ಊರಲ್ಲೇ, ಅಂದೇ ಮುಗಿಯಬೇಕಿತ್ತು.

ಆಳುವವರ ಕಣ್ಣೂ ಈ ಮರದ ಮೇಲಿತ್ತು. ಟಿಪ್ಪು ಮದ್ಯ ನಿಷೇಧಿಸಿದ. ಆಮೇಲೆ ಬಂದ ಆಡಳಿತಕ್ಕೆ ಹೆಂಡದ ಗುತ್ತಿಗೆಯೇ ಬೊಕ್ಕಸ ತುಂಬುವ ದಾರಿಯಾಯಿತು. 1939ರಲ್ಲಿ ಪಕ್ಕದ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕಾಯ್ದೆ ಮುರಿದು ಈಚಲು ಮರಗಳನ್ನೇ ಕಡಿದರು. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರೂ ಆ ಹೋರಾಟದಲ್ಲಿದ್ದರು. ಪಾಪ, ಮರದ್ದೇನು ತಪ್ಪು?

ತೆಂಗಿನ ಕಥೆ ಇನ್ನೂ ಕಹಿ. ನುಸಿ ಪೀಡೆಯಿಂದ ಕಾಯಿ ಕೈಕೊಟ್ಟಾಗ, ಮರದ ಹುಳಿಯದ ರಸವಾದ ನೀರಾ ಇಳಿಸಲು ಬಿಡಿ ಎಂದು ರೈತರು ಕೇಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಆ ಚಳವಳಿ ಗೋಲಿಬಾರಿನಲ್ಲಿ ಮುಗಿದು, ಪ್ರಾಣಹಾನಿಯಾಯಿತು.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವೈನು ಕೃಷಿಯ ಲೆಕ್ಕಕ್ಕೆ ಸೇರಿತು, ಅದನ್ನು ಬೆಳೆಸಲು ಒಂದು ಮಂಡಳಿಯೇ ಹುಟ್ಟಿತು, ಮೇಳಗಳು ನಡೆದವು. ಹೆಸರೂ ಸಂಸ್ಕೃತಕ್ಕೇರಿ ‘ದ್ರಾಕ್ಷಾರಸ’ವಾಯಿತು. ರೈತನ ಹೆಸರು ಹೇಳಿಯೇ ದ್ರಾಕ್ಷಿಗೆ ಬಾಗಿಲು ತೆರೆಯಿತು. ಅದೇ ಹೆಸರು ಹೇಳಿ ಬೀದಿಗಿಳಿದಿದ್ದ ತೆಂಗಿಗೆ ನೀರಾ ಇಳಿಸುವ ಒಪ್ಪಿಗೆ ಸಿಕ್ಕಿದ್ದು ಗೋಲಿಬಾರಾಗಿ ಎಷ್ಟೋ ವರ್ಷಗಳ ಮೇಲೆ.

ರಘುನಾಥಪುರದಿಂದ ತುಮಕೂರಿಗೆ ಹಿಂತಿರುಗುವಾಗ ಹಳ್ಳದ ಬದಿಗಳಲ್ಲಿ ಈಚಲು ಇನ್ನೂ ಅಲ್ಲಲ್ಲಿ ಕಾಣುತ್ತದೆ. ಮಡಕೆ ಕಟ್ಟಿದ ಮರ ಮಾತ್ರ ಒಂದೂ ಇಲ್ಲ.