‘ವಾವಾ’ ಅಂಗಡಿಗಳ ಪೂರ್ವೋತ್ತರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವ ಕರಾವಳಿಯಲ್ಲಿ ಪೆನ್ಸಿಲ್ವೇನಿಯ, ನ್ಯೂಜೆರ್ಸಿ, ಡೆಲವೇರ್ ಎಂಬ ಮೂರು ಸಂಸ್ಥಾನಗಳು ಒಂದಕ್ಕೊಂದು ಹೊಂದಿಕೊಂಡಿವೆ. ಈ ಪ್ರಾಂತಕ್ಕೆ ಫಿಲಡೆಲ್ಫಿಯ ಮಹಾನಗರವು ಕೇಂದ್ರಸ್ಥಾನ. ಇಲ್ಲಿ ಹಾಲು, ರೊಟ್ಟಿ, ಕಾಫಿ ಮೊದಲಾದ ನಿತ್ಯೋಪಯೋಗದ ಸರಕುಗಳನ್ನು ಹಗಲಿರುಳೆನ್ನದೆ ಮಾರುತ್ತ, ಅಂಗಳದಲ್ಲಿ ಮೋಟಾರುಗಳಿಗೆ ಪೆಟ್ರೋಲನ್ನೂ ತುಂಬುವ ‘ವಾವಾ’ ಎಂಬ ಹೆಸರಿನ ಅಂಗಡಿಗಳು ಹೆಜ್ಜೆಹೆಜ್ಜೆಗೂ ಕಾಣಬರುತ್ತವೆ. ಈಗ ಇವುಗಳ ಸಂಖ್ಯೆ ಸಾವಿರವನ್ನು ಮೀರಿದೆ. ಇಂಥ ಮೊದಲನೆಯ ಅಂಗಡಿಯು ಬಾಗಿಲು ತೆರೆದುದು ೧೯೬೪ನೆಯ ಇಸವಿ ಏಪ್ರಿಲ್ ೧೬ರಂದು. ಆದರೆ ಈ ವರ್ತಕಸಂಸ್ಥೆಯು ತನ್ನ ಚರಿತ್ರೆಯನ್ನು ಹೇಳಿಕೊಳ್ಳುವಾಗ ಮೊದಲ್ಗೊಳ್ಳುವುದು ೧೮೦೩ನೆಯ ಇಸವಿಯಿಂದ. ನಡುವಣ ಅಂತರವು ನೂರ ಅರುವತ್ತೊಂದು ವರ್ಷ.

ಶಾಸನಗಳ ಪರಿಚಯವುಳ್ಳವರಿಗೆ ಈ ಬಗೆಯ ಹಕ್ಕು ಹೊಸದಲ್ಲ. ನಾಲ್ಕು ತಲೆಯವರೆಗೆ ಆಳಿದ ಅರಸುಮನೆತನವು ತನ್ನ ವಂಶಾವಳಿಯನ್ನು ಚಂದ್ರನಿಂದಲೋ ಸೂರ್ಯನಿಂದಲೋ ಹಿಡಿದು ಬರೆಯಿಸುವುದುಂಟು. ಅಂಥ ಪ್ರಶಸ್ತಿಯನ್ನು ಪರೀಕ್ಷಿಸದೆ ನಂಬುವುದೂ, ಓದುವ ಮೊದಲೇ ಸುಳ್ಳೆಂದು ತಳ್ಳಿಬಿಡುವುದೂ ಎರಡೂ ಯುಕ್ತವಲ್ಲ. ಆದುದರಿಂದ ೧೮೦೩ರಲ್ಲಿ ಏನಿದ್ದಿತು, ಅದಕ್ಕೂ ಇಂದಿನ ಪೆಟ್ರೋಲು ಕಟ್ಟೆಗೂ ಸಂಬಂಧವೇನು ಎಂಬುದನ್ನು ಮೊದಲು ವಿಚಾರಮಾಡತಕ್ಕದ್ದು.

೧೮೦೩ರಲ್ಲಿ ಇದ್ದುದು ಅಂಗಡಿಯಲ್ಲ, ಹಾಲಿನ ವ್ಯಾಪಾರವೂ ಅಲ್ಲ. ಕಬ್ಬಿಣದ ಎರಕದ ಕಾರ್ಖಾನೆ. ನ್ಯೂಜೆರ್ಸಿಯ ದಕ್ಷಿಣಭಾಗದ ಮಿಲ್‌ವಿಲ್ ಎಂಬ ಊರಿನಲ್ಲಿ ಡೇವಿಡ್ ಸಿ. ವುಡ್ ಎಂಬಾತನು ಎಡ್ವರ್ಡ್ ಸ್ಮಿತ್ ಎಂಬವನೊಡನೆ ಸೇರಿ ಅದನ್ನು ನೆಲೆಗೊಳಿಸಿದನು. ಅನಂತರ ಅದೇ ಮನೆತನದ ರಿಚರ್ಡ್ ಡಿ. ವುಡ್ಡನ ಕೈಯಲ್ಲಿ ಉದ್ಯಮವು ಬೆಳೆಯಿತು. ಪಟ್ಟಣಗಳಿಗೆ ನೀರು ತರುವ ಎರಕದ ಕಬ್ಬಿಣದ ಕೊಳವೆಗಳೂ, ಬಳಿಕ ಹತ್ತಿಯ ಬಟ್ಟೆಯೂ ಈ ಮನೆತನದ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದುವು. ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ೧೮೦೩ ಎಂಬುದು ಒಂದು ಮನೆತನದ ಉದ್ಯಮಕ್ಕೆ ಆದಿಯೇ ಹೊರತು ಅಂಗಡಿಗಳಿಗೆ ಆದಿಯಲ್ಲ. ಸರಕು ಬೇರೆ, ಊರು ಬೇರೆ, ಕಸುಬು ಬೇರೆ, ಉಳಿದುದು ಕುಲನಾಮವೊಂದೇ. ಪ್ರಶಸ್ತಿಕಾರರು ಚಂದ್ರನನ್ನು ಹೇಳುವ ಕಡೆ ಇವರು ಕಬ್ಬಿಣವನ್ನು ಹೇಳಿದ್ದಾರೆ. ಆದರೂ ಇಲ್ಲಿ ಒಂದು ವಿಶೇಷವುಂಟು. ಚಂದ್ರನಿಂದ ಅರಸನವರೆಗಿನ ತಲೆಗಳನ್ನು ಎಣಿಸಲಾಗದು. ಈ ಮನೆತನದ ತಲೆಗಳನ್ನು ಒಂದೊಂದಾಗಿ ಎಣಿಸಬಹುದು.

ಕಬ್ಬಿಣ ಬಟ್ಟೆಗಳನ್ನು ಬಿಟ್ಟು ಹಾಲಿನ ಕಡೆಗೆ ತಿರುಗಿದವನು ಜಾರ್ಜ್ ವುಡ್. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇವನು ಫಿಲಡೆಲ್ಫಿಯಕ್ಕೆ ಪಶ್ಚಿಮದಲ್ಲಿರುವ ವಾವಾ ಎಂಬ ಗ್ರಾಮದಲ್ಲಿ ನೆಲಸಿ, ಗರ್ನ್ಸಿ ದ್ವೀಪದ ಹಸುಗಳನ್ನು ತರಿಸಿ ಸಾಕಿದನು. ಈ ತಳಿಯ ಹಾಲು ಕೊಬ್ಬಿನಲ್ಲಿ ಮಿಗಿಲು. ಬಣ್ಣವು ಹೊನ್ನಿನ ಛಾಯೆಯುಳ್ಳದ್ದು. ೧೯೦೨ರಲ್ಲಿ ಅಲ್ಲಿಯೇ ಹಾಲಿನ ಸಣ್ಣ ಕಾರ್ಖಾನೆಯೊಂದನ್ನು ಸ್ಥಾಪಿಸಿದನು.

ಆ ಕಾಲದಲ್ಲಿ ಹಾಲೆಂದರೆ ಜನರಿಗೆ ಭಯವಿದ್ದಿತು ಎಂಬುದನ್ನು ಇಲ್ಲಿ ನೆನೆಯಬೇಕು. ಪಾಶ್ಚರೀಕರಣವು ಇನ್ನೂ ಎಲ್ಲೆಡೆಯಲ್ಲಿ ರೂಢಿಯಾಗಿರಲಿಲ್ಲ. ಕೊಳಕು ಕೊಟ್ಟಿಗೆಗಳಿಂದ, ರೋಗದ ಹಸುಗಳಿಂದ ಬಂದ ಹಾಲು, ನೀರು ಬೆರೆಸಿದ ಹಾಲು, ಬೇಸಗೆಯ ಸೆಕೆಯಲ್ಲಿ ದಾರಿಯಲ್ಲಿಯೇ ಕೆಟ್ಟ ಹಾಲು, ಇವು ಪಟ್ಟಣಗಳ ಕೂಸುಗಳಿಗೆ ಮೃತ್ಯುಪ್ರಾಯವಾಗಿದ್ದುವು. ೧೮೯೩ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್ ಪಟ್ಟಣದ ಹೆನ್ರಿ ಕಾಯ್ಟ್ ಎಂಬ ವೈದ್ಯನು ವೈದ್ಯರದೊಂದು ಮಂಡಲಿಯನ್ನು ಕೂಡಿಸಿ, ಹಸುವಿನ ಆರೋಗ್ಯ, ಕೊಟ್ಟಿಗೆಯ ನೈರ್ಮಲ್ಯ, ಹಾಲು ಕರೆಯುವವರ ದೇಹಸ್ಥಿತಿ ಇವೆಲ್ಲವನ್ನೂ ಪರೀಕ್ಷಿಸಿ ತೇರ್ಗಡೆಯಾದ ಹಾಲಿಗೆ ಪ್ರಮಾಣಪತ್ರ ಕೊಡುವ ಪದ್ಧತಿಯನ್ನು ಆರಂಭಿಸಿದನು. ಜಾರ್ಜ್ ವುಡ್ಡನೂ ತನ್ನ ಹಾಲನ್ನು ವೈದ್ಯರಿಂದ ಪರೀಕ್ಷೆಮಾಡಿಸಿ ಪ್ರಮಾಣಪತ್ರ ಪಡೆದನು. ಸೀಸೆಯಲ್ಲಿ ಆರೋಗ್ಯವನ್ನೇ ಮಾರುತ್ತೇವೆಂಬ ಧಾಟಿಯಲ್ಲಿ ಅವನ ಜಾಹೀರಾತು ನಡೆಯಿತು. ವರ್ತನೆಯ ಹಾಲು ಮುಂಜಾನೆ ಮನೆಬಾಗಿಲಿಗೆ ಬರುತ್ತಿತ್ತು. ಬೇಡಿಕೆಯೂ ವರ್ಷೇ ವರ್ಷೇ ಏರಿತು.

ಹೆಸರಿನ ವಿಚಾರವು ಪ್ರಾಸಂಗಿಕವಾದರೂ ಸಾಹಿತ್ಯಾಭ್ಯಾಸಿಗಳಿಗೆ ಉಪಾದೇಯವಾದುದರಿಂದ ಇಲ್ಲಿಯೇ ಹೇಳಬಹುದು. ‘ವಾವಾ’ ಎಂಬುದು ಆ ಖಂಡದ ಮೂಲನಿವಾಸಿಗಳಾದ ಓಜಿಬ್ವೆ ಜನರ ಭಾಷೆಯ ಶಬ್ದ. ಹೆಬ್ಬಾತು ಎಂದು ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಎಡ್ವರ್ಡ್ ವರ್ತ್ ಎಂಬಾತನು ಅಲ್ಲಿಯ ಕೆರೆಯ ಕಡೆಗೆ ಹಿಂಡುಹಿಂಡಾಗಿ ಬರುವ ಹೆಬ್ಬಾತುಗಳನ್ನು ಕಂಡು ತನ್ನ ಬಂಗಲೆಗೆ ಈ ಹೆಸರಿಟ್ಟನೆಂದೂ, ಅದೇ ಊರಿಗೆ ನಿಂತಿತೆಂದೂ ಐತಿಹ್ಯ. ಆದರೆ ಓಜಿಬ್ವೆ ಜನರ ನಾಡು ಮಹಾಸರೋವರಗಳ ಸುತ್ತಣದು, ಈ ಊರಿಗೆ ನೂರಾರು ಮೈಲಿ ದೂರ. ಇಲ್ಲಿಯ ಮೂಲನಿವಾಸಿಗಳು ಲೆನಾಪೆ ಎಂಬ ಬೇರೊಂದು ಪಂಗಡದವರು. ಹೀಗಿರಲು ಶಬ್ದವು ಬಂದುದು ಹೇಗೆ? ೧೮೫೫ರಲ್ಲಿ ಪ್ರಕಟವಾದ ಲಾಂಗ್‌ಫೆಲೋ ಕವಿಯ ‘ಹಯಾವಥ’ ಎಂಬ ಕಾವ್ಯದಲ್ಲಿ ಈ ಶಬ್ದವು ಇದೇ ಅರ್ಥದಲ್ಲಿ ಪ್ರಯುಕ್ತವಾಗಿದೆ. ಆ ಕಾವ್ಯವಾದರೋ ಅಂದು ಮನೆಮನೆಯಲ್ಲಿಯೂ ಓದಿಸಿಕೊಂಡ ಗ್ರಂಥ. ಹೆಸರು ಜನರ ಬಾಯಿಂದಲ್ಲ, ಕಾವ್ಯದಿಂದ ಇಳಿದುಬಂದಿತೆಂದು ಊಹಿಸುವುದೇ ಸಮಂಜಸವೆಂದು ತೋರುತ್ತದೆ. ಕೆನಡದ ಆಂಟೇರಿಯೊ ಪ್ರಾಂತದಲ್ಲಿ ಇದೇ ಹೆಸರಿನ ಮತ್ತೊಂದು ಊರುಂಟು. ಅದು ಓಜಿಬ್ವೆ ನಾಡಿನ ಒಳಗಣದೇ.

ಇನ್ನೊಂದು ಸೂಕ್ಷ್ಮವೂ ಇದೆ. ಓಜಿಬ್ವೆ ಭಾಷೆಯಲ್ಲಿ ಈ ಶಬ್ದವು ವಾಸ್ತವವಾಗಿ ಬಿಳಿಯ ಹಿಮಬಾತಿಗೆ ಸಲ್ಲುವುದು. ಕರಿಯ ಕೊರಳಿನ ಕೆನಡ ಹೆಬ್ಬಾತಿಗೆ ಅವರು ‘ನಿಕ’ ಎನ್ನುತ್ತಾರೆ. ಅಂಗಡಿಯ ಲಾಂಛನದಲ್ಲಿ ಹಾರುತ್ತಿರುವುದು ಮಾತ್ರ ಕೆನಡ ಹೆಬ್ಬಾತು. ಸಂಸ್ಕೃತದ ‘ಹಂಸ’, ಲ್ಯಾಟಿನ್ನಿನ ‘ಆನ್ಸೆರ್’, ಇಂಗ್ಲಿಷಿನ ‘ಗೂಸ್’ ಈ ಮೂರೂ ಒಂದೇ ಮೂಲದಿಂದ ಹುಟ್ಟಿದುವೆಂಬುದು ಭಾಷಾಶಾಸ್ತ್ರದಲ್ಲಿ ನಿರ್ವಿವಾದ. ಕನ್ನಡದ ‘ಅಂಚೆ’ಯು ಹಂಸದ ತದ್ಭವ. ನೀರಿನಿಂದ ಹಾಲನ್ನು ಬೇರ್ಪಡಿಸುವ ಪಕ್ಷಿಯೆಂದು ಕವಿಸಮಯದಲ್ಲಿ ಪ್ರಸಿದ್ಧವಾದುದರ ದಾಯಾದಿಯು, ನೀರು ಬೆರೆಯದ ಹಾಲಿಗೆ ವೈದ್ಯರ ಸಾಕ್ಷ್ಯ ತಂದವನ ಸರಕಿನ ಮೇಲೆ ಲಾಂಛನವಾಗಿ ಕುಳಿತುದು ಕೇವಲ ಆಕಸ್ಮಿಕ. ಆ ವರ್ತಕರಿಗೆ ನಮ್ಮ ಕವಿಸಮಯದ ಸುದ್ದಿಯೇ ಇರಲಿಲ್ಲ.

ಪ್ರಕೃತವನ್ನು ಅನುಸರಿಸೋಣ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಸಂಸಾರಗಳು ಪಟ್ಟಣದ ಒಳಗಿನಿಂದ ಹೊರವಲಯದ ಬಡಾವಣೆಗಳಿಗೆ ಸರಿದುವು. ಮನೆಮನೆಯಲ್ಲಿಯೂ ತಂಪುಪೆಟ್ಟಿಗೆ ಬಂದಿತು. ಬಾಗಿಲಲ್ಲಿ ಮೋಟಾರು ನಿಂತಿತು. ಗಾಜಿನ ಸೀಸೆಯ ಸ್ಥಾನವನ್ನು ಕಾಗದದ ಪೆಟ್ಟಿಗೆಯು ಆಕ್ರಮಿಸಿತು. ವಾರಕ್ಕೊಮ್ಮೆ ಸಂತೆಮಳಿಗೆಗೆ ಹೋಗಿ ಹಾಲನ್ನೂ ಹೊತ್ತು ತರಲು ಅನುಕೂಲವಾದ ಮೇಲೆ ದಿನದಿನವೂ ಬಾಗಿಲಿಗೆ ಬರುವ ವರ್ತನೆಯವನಿಂದ ಆಗಬೇಕಾದುದೇನು? ೧೯೬೦ರ ಸುಮಾರಿಗೆ ಈ ಕಸುಬು ಇಳಿಮುಖವಾಯಿತು. ಆಗ ಜಾರ್ಜ್ ವುಡ್ಡನ ಮೊಮ್ಮಗನಾದ ಗ್ರೇಹಮ್ ವುಡ್, ಹಾಲನ್ನು ಮನೆಗೆ ಒಯ್ಯುವ ಬದಲು ಜನರೇ ಬಂದು ಕೊಳ್ಳುವಂತೆ ಸ್ವಂತ ಅಂಗಡಿಗಳನ್ನು ಇಡತಕ್ಕದ್ದೆಂದು ನಿಶ್ಚಯಿಸಿದನು. ಪೆನ್ಸಿಲ್ವೇನಿಯದ ಫಾಲ್ಸಮ್ ಎಂಬಲ್ಲಿ ಮೇಲೆ ಹೇಳಿದ ೧೯೬೪ರ ಅಂಗಡಿ ಹುಟ್ಟಿದುದು ಹೀಗೆ. ಅಂಗಡಿಯು ಹಾಲಿನ ಕಾರ್ಖಾನೆಯನ್ನು ಉಳಿಸುವ ಉಪಾಯವಾಗಿ ಬಂದಿತೇ ಹೊರತು ತಾನೇ ಗುರಿಯಾಗಿ ಬರಲಿಲ್ಲ. ಕಾಲಕ್ರಮದಲ್ಲಿ ಉಪಾಯವೇ ಉಪೇಯವಾಯಿತು.

ಈ ಜಾತಿಯ ಅಂಗಡಿಗಳ ಉತ್ಪತ್ತಿಯು ಅಮೆರಿಕದಲ್ಲಿ ಒಂದೇ ರೀತಿಯದಲ್ಲ. ಟೆಕ್ಸಸ್ ಸಂಸ್ಥಾನದ ಡಲ್ಲಾಸಿನಲ್ಲಿ ೧೯೨೭ರಲ್ಲಿ ಸೌತ್‌ಲ್ಯಾಂಡ್ ಎಂಬ ಮಂಜುಗಡ್ಡೆಯ ಕಂಪೆನಿಯ ಕಟ್ಟೆಯೊಂದರಲ್ಲಿ ಮಂಜಿನೊಡನೆ ಹಾಲು ರೊಟ್ಟಿ ಮೊಟ್ಟೆಗಳನ್ನೂ ಮಾರತೊಡಗಿದರು. ಅದೇ ಮುಂದೆ ‘ಸೆವೆನ್ ಇಲೆವೆನ್’ ಎಂದು ಲೋಕಪ್ರಸಿದ್ಧವಾಯಿತು. ಐಯೊವ ಸಂಸ್ಥಾನದ ‘ಕೇಸೀಸ್’ ಎಂಬುದು ೧೯೬೮ರಲ್ಲಿ ಬೂನ್ ಎಂಬ ಊರಿನ ಪೆಟ್ರೋಲು ಕಟ್ಟೆಯೊಂದನ್ನೇ ಅಂಗಡಿಯಾಗಿ ಮಾರ್ಪಡಿಸಿ ಮೊದಲಾದುದು. ಒಂದಕ್ಕೆ ಮಂಜು ತಾಯಿ, ಒಂದಕ್ಕೆ ಎಣ್ಣೆ, ಒಂದಕ್ಕೆ ಹಾಲು. ಮೂರೂ ಇಂದು ನೋಡುವವರ ಕಣ್ಣಿಗೆ ಏಕರೂಪವಾಗಿವೆ.

ಫಾಲ್ಸಮಿನ ಅಂಗಡಿಯ ಅನಂತರದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ನ್ಯೂಜೆರ್ಸಿ, ಡೆಲವೇರ್‌ಗಳಿಗೆ ಹರಡಿದುದು ಆ ದಶಕದಲ್ಲಿಯೇ. ಎಪ್ಪತ್ತರ ದಶಕದಲ್ಲಿ ಇರುಳೆಲ್ಲ ತೆರೆದಿರುವ ಪದ್ಧತಿಯೂ ಬಿಸಿ ಕಾಫಿಯೂ, ಎಂಬತ್ತರ ದಶಕದಲ್ಲಿ ‘ಹೋಗಿ’ ಎಂಬ ಉದ್ದನೆಯ ರೊಟ್ಟಿಯ ಖಾದ್ಯವೂ ಸೇರಿದುವು. ಈ ‘ಹೋಗಿ’ಯು ಕನ್ನಡದ ಕ್ರಿಯಾಪದವಲ್ಲ, ಫಿಲಡೆಲ್ಫಿಯದವರ ಪ್ರಿಯಭಕ್ಷ್ಯ, ಮಾಂಸ ಚೀಸು ಸೊಪ್ಪುಗಳನ್ನು ತುಂಬಿದುದು. ಮೊದಲನೆಯ ಮಹಾಯುದ್ಧಕಾಲದ ಹಾಗ್ ಐಲೆಂಡ್ ಎಂಬ ಹಡಗುಕಟ್ಟೆಯ ಕೂಲಿಗಾರರಿಂದ ಹೆಸರು ಬಂದಿತೆಂದು ಅಲ್ಲಿಯವರು ಹೇಳುವುದುಂಟು. ಆ ಕಟ್ಟೆಯು ೧೯೨೧ರಲ್ಲಿಯೇ ಮುಚ್ಚಿತು, ಹೆಸರು ಅಚ್ಚಿನಲ್ಲಿ ಕಾಣುವುದು ಸುಮಾರು ಎರಡು ದಶಕಗಳ ಅನಂತರ. ಆದುದರಿಂದ ಈ ನಿರುಕ್ತಿಯು ದುರ್ಬಲವಾದುದು.

ಪೆಟ್ರೋಲು ಬಂದುದು ಕಟ್ಟಕಡೆಗೆ, ೧೯೯೬ರಲ್ಲಿ. ಕಲ್ಲೆಣ್ಣೆಯ ಉದ್ಯಮಕ್ಕೆ ಪೆನ್ಸಿಲ್ವೇನಿಯವೇ ಜನ್ಮಭೂಮಿ ಎಂಬುದನ್ನು ಬಲ್ಲವರಿಗೆ ಈ ವಿಳಂಬವು ಸೋಜಿಗವಾಗಿ ತೋರಬಹುದು. ೧೮೫೯ರಲ್ಲಿ ಡ್ರೇಕ್ ಎಂಬಾತನು ಎಣ್ಣೆಯ ಬಾವಿಯನ್ನು ಕೊರೆದ ಟೈಟಸ್‌ವಿಲ್ ಈ ಸಂಸ್ಥಾನದಲ್ಲಿಯೇ ಇದೆ. ಮೋಟಾರುಗಳಿಗಾಗಿಯೇ ಕಟ್ಟಿಸಿದ ಪೆಟ್ರೋಲು ಕಟ್ಟೆಯನ್ನು ೧೯೧೩ರಲ್ಲಿ ಗಲ್ಫ್ ಕಂಪೆನಿಯು ತೆರೆದುದೂ ಈ ಸಂಸ್ಥಾನದ ಪಿಟ್ಸ್‌ಬರ್ಗಿನಲ್ಲಿಯೇ. ಆದರೆ ವಾವಾದವರು ನೆಚ್ಚಿದ್ದುದು ನೆರೆಹೊರೆಯವರನ್ನು. ಬಡಾವಣೆಯ ಮೂಲೆಯ ಸಣ್ಣ ನಿವೇಶನದಲ್ಲಿ, ಹೆಂಗಸರು ಮಕ್ಕಳು ನಡೆದುಬರುವಷ್ಟು ಹತ್ತಿರದಲ್ಲಿ ಅಂಗಡಿಯಿರುತ್ತಿತ್ತು. ಪೆಟ್ರೋಲಿನಲ್ಲಿ ಗ್ಯಾಲನ್ನಿಗೆ ದೊರೆಯುವ ಲಾಭ ಅತ್ಯಲ್ಪ. ಎಣ್ಣೆಗೆಂದು ನಿಂತವನು ಒಳಗೆ ಬಂದು ಕಾಫಿ ಖಾದ್ಯಗಳನ್ನು ಕೊಂಡರೆ ಮಾತ್ರ ವ್ಯಾಪಾರ ಕೈಗೂಡುವುದು. ಇದಕ್ಕೆ ವಿಶಾಲವಾದ ಅಂಗಳ ಬೇಕು, ಹೆದ್ದಾರಿಯ ಸಂಧಿ ಬೇಕು. ಆದಕಾರಣ ಹೊಸ ಅಂಗಡಿಗಳು ದೊಡ್ಡ ರಸ್ತೆಗಳ ಕೂಡುಗಳಲ್ಲಿ ಎದ್ದುವು. ಪಂಪುಗಳಿಗೆ ಜಾಗವಿಲ್ಲದ ಹಳೆಯ ಮೂಲೆಯಂಗಡಿಗಳು ಅನೇಕವಾಗಿ ಮುಚ್ಚಿದುವು. ಸರಕುಗಳ ಪಟ್ಟಿಗೆ ಒಂದು ಹೊಸ ಸರಕು ಸೇರಿತೆಂದು ಹೇಳಿ ಮುಗಿಸುವ ವಿಷಯ ಇದಲ್ಲ. ಗಿರಾಕಿಯೇ ಬದಲಾದನು. ಮೊದಲು ನಡೆದುಬರುವವನು, ಈಗ ದಾರಿ ಹೋಕ. ತಿಂಡಿಯನ್ನು ಬೇಡುವುದಕ್ಕೂ ಬಾಯಿ ತೆರೆಯದೆ ಗಾಜಿನ ಫಲಕವನ್ನು ಬೆರಳಿನಿಂದ ಮುಟ್ಟುವ ಏರ್ಪಾಡು ಬಂದಿತು. ಆದರೂ ಹಿಂದೆ ಬರುವ ಅಪರಿಚಿತನಿಗಾಗಿ ಬಾಗಿಲನ್ನು ಹಿಡಿದು ನಿಲ್ಲುವ ವಾಡಿಕೆಯು ಅಲ್ಲಿಯ ಗಿರಾಕಿಗಳಲ್ಲಿ ಉಳಿದುಬಂದಿದೆಯೆಂದು ಆ ಸೀಮೆಯವರು ಹೆಮ್ಮೆಪಡುತ್ತಾರೆ.

ಇನ್ನು ಒಡೆತನದ ವಿಷಯ. ೧೮೦೩ರ ಹಕ್ಕಿನ ಬೆಲೆ ಏನೆಂಬುದು ನಿಜವಾಗಿ ತೂಕಕ್ಕೆ ಬೀಳುವುದು ಇಲ್ಲಿಯೇ. ವಾವಾದ ಷೇರುಗಳು ಪೇಟೆಯಲ್ಲಿ ದೊರೆಯುವುವಲ್ಲ. ೧೯೯೨ರಲ್ಲಿ ನೌಕರರಿಗೂ ಒಡೆತನದಲ್ಲಿ ಪಾಲು ಕೊಡುವ ವ್ಯವಸ್ಥೆಯು ಏರ್ಪಟ್ಟು, ಕ್ರಮೇಣ ನೂರಕ್ಕೆ ಸುಮಾರು ನಾಲ್ವತ್ತರಷ್ಟು ಪಾಲು ಅವರ ನಿಧಿಗೆ ಸೇರಿತು. ಹೆಚ್ಚಿನ ಪಾಲು ವುಡ್ ಮನೆತನದವರಲ್ಲಿ ನಿಂತಿತು. ೨೦೦೫ರಲ್ಲಿ ಮುಖ್ಯಾಧಿಕಾರವು ರಿಚರ್ಡ್ ಡಿ. ವುಡ್ ಜೂನಿಯರರಿಂದ ಹೊರಗಿನವರಾದ ಹೋವರ್ಡ್ ಸ್ಟೋಕೆಲ್ ಅವರಿಗೆ, ೨೦೧೩ರಲ್ಲಿ ಕ್ರಿಸ್ ಗೈಸೆನ್ಸ್ ಅವರಿಗೆ ಬಂದಿತು. ಕುಲದಿಂದ ಕುಲಕ್ಕೆ ಹರಿದ ಉದ್ಯಮವು ಸೇವಕರಿಗೂ ಸೇರಿದುದಾಯಿತೆಂದು ಇದನ್ನು ಹೊಗಳಿದವರು ಬಹಳ ಮಂದಿ. ಹೊಗಳಿಕೆಗೆ ಆಧಾರವೂ ಉಂಟು. ಗಲ್ಲೆಯ ಬಳಿ ನಿಂತು ದುಡಿದ ಎಷ್ಟೋ ಜನ ವೃದ್ಧಾಪ್ಯಕ್ಕೆ ಈ ಷೇರುಗಳನ್ನೇ ನೆಚ್ಚಿಕೊಂಡಿದ್ದರು.

ಆದರೆ ೨೦೧೫ರಲ್ಲಿ, ಕೆಲಸ ಬಿಟ್ಟುಹೋದವರು ತಮ್ಮ ಷೇರುಗಳನ್ನು ಇಟ್ಟುಕೊಳ್ಳದೆ ಹಣಕ್ಕೆ ಬಿಟ್ಟುಕೊಡಬೇಕೆಂದು ನಿಬಂಧನೆಯನ್ನು ತಿದ್ದಲಾಯಿತು. ತಮಗೆ ಕೊಟ್ಟ ಭಾಷೆಯು ತಪ್ಪಿತೆಂದೂ, ಕೊಟ್ಟ ಬೆಲೆಯು ಸಾಲದೆಂದೂ ಹಿಂದಿನ ನೌಕರರು ನ್ಯಾಯಾಲಯಕ್ಕೆ ಹೋದರು. ೨೦೧೮ರಲ್ಲಿ ಎರಡೂವರೆ ಕೋಟಿ ಡಾಲರುಗಳಿಗೆ ರಾಜಿಯಾಯಿತು. ಸಂಸ್ಥೆಯ ವಂಶಾವಳಿಯಲ್ಲಿ ಈ ವ್ಯಾಜ್ಯಕ್ಕೂ ಒಂದು ಸಾಲು ಇರತಕ್ಕದ್ದು. ಇನ್ನೂರು ವರ್ಷದ ಮನೆತನವೆಂಬ ಮಾತು ಗಿರಾಕಿಗೆ ಅಲಂಕಾರಮಾತ್ರ. ದುಡಿದವನಿಗೆ ಅದು ನಂಬಿಕೆಯ ಆಧಾರ. ಆಧಾರವೆಂದು ಹಿಡಿದವನ ಕೈಯಿಂದ ಅದನ್ನು ಬಿಡಿಸಿದರೆ ದಾನಶಾಸನವನ್ನು ಬರೆಯಿಸಿದ ವಂಶದವರೇ ಭೂಮಿಯನ್ನು ಹಿಂದಕ್ಕೆ ಪಡೆದಂತಾಗುವುದು. ಧರ್ಮಶಾಸ್ತ್ರಕಾರರು ದತ್ತಾಪಹಾರವೆಂದು ಹೆಸರಿಟ್ಟಿರುವುದು ಇದಕ್ಕೆ. ಕಂಪೆನಿಯ ಪಕ್ಷದವರು ಇದು ವೃದ್ಧಾಪ್ಯನಿಧಿಯ ಆಡಳಿತಕ್ಕೆ ಸಂಬಂಧಿಸಿದ ಕ್ರಮವೇ ಹೊರತು ಅಪಹಾರವಲ್ಲವೆನ್ನಬಹುದು; ರಾಜಿಯಾದ ವ್ಯಾಜ್ಯದಲ್ಲಿ ತಪ್ಪಾರದೆಂಬ ತೀರ್ಪೂ ಹುಟ್ಟುವುದಿಲ್ಲ. ಆದರೆ ಪ್ರಾಚೀನತೆಯನ್ನು ಹೇಳಿಕೊಳ್ಳುವವನು ಪ್ರಾಚೀನವಾದ ಹೊಣೆಯಿಂದಲೂ ಅಳೆಯಲ್ಪಡುವುದು ನ್ಯಾಯ.

ವಿಸ್ತಾರವು ಇದರಿಂದ ನಿಲ್ಲಲಿಲ್ಲ. ೨೦೧೨ರಲ್ಲಿ ಫ್ಲಾರಿಡ ಸಂಸ್ಥಾನಕ್ಕೂ, ೨೦೧೭ರಲ್ಲಿ ವಾಷಿಂಗ್ಟನ್ ರಾಜಧಾನಿಗೂ, ೨೦೨೪ರಲ್ಲಿ ಅಲಬಾಮ, ಉತ್ತರ ಕ್ಯಾರೊಲಿನಗಳಿಗೂ ಅಂಗಡಿಗಳು ಹೋದುವು. ಅದೇ ಅವಧಿಯಲ್ಲಿ, ೨೦೨೨ರಲ್ಲಿ, ಫಿಲಡೆಲ್ಫಿಯದ ನಡುಪೇಟೆಯ ಎರಡು ಅಂಗಡಿಗಳನ್ನು ಸುರಕ್ಷತೆಯ ಕಾರಣವನ್ನು ಮುಂದಿಟ್ಟು ಮುಚ್ಚಿದರು. ಫಾಲ್ಸಮಿನ ಆದಿಯ ಅಂಗಡಿಯು ೨೦೧೬ರಲ್ಲಿ ಮುಚ್ಚಿ, ಸಮೀಪದಲ್ಲಿಯೇ ಅದಕ್ಕಿಂತ ದೊಡ್ಡದೊಂದು ತೆರೆಯಿತು. ಸಂಸ್ಥೆಯ ಮುಖ್ಯ ಕಚೇರಿಯು ಮಾತ್ರ ಇಂದಿಗೂ ವಾವಾ ಗ್ರಾಮದಲ್ಲಿ ‘ಕೆಂಪು ಮಾಡು’ ಎಂಬ ಅರ್ಥದ ಹೆಸರುಳ್ಳ ಹಳೆಯ ಬಂಗಲೆಯ ಆವರಣದಲ್ಲಿದೆ. ಅದೇ ಗ್ರಾಮದಲ್ಲಿ ಹಾಲಿನ ಕಾರ್ಖಾನೆಯೂ ನಡೆಯುತ್ತಿದೆ.